ಮರಣಕ್ಕೂ ಅಂತಿಮ ತೀರ್ಪಿಗೂ ನಡುವೆ: ಕ್ರೈಸ್ತ ಮತದಲ್ಲಿ ಆತ್ಮದ ಗತಿಯ ಕಲ್ಪನೆ

ಯೂರೋಪಿನ ಇತಿಹಾಸವನ್ನು ಕಾಲೇಜುಗಳಲ್ಲಿ ಬೋಧಿಸುವಾಗ ಮತಸುಧಾರಣೆಯ ಆರಂಭವನ್ನು ನಾವು ಸಾಮಾನ್ಯವಾಗಿ ಪಾಪಕ್ಷಮಾಪತ್ರಗಳ ಮಾರಾಟದಿಂದ ವಿವರಿಸುತ್ತೇವೆ. ರೋಮಿನಲ್ಲಿ ಸಂತ ಪೀಟರನ ದೇವಾಲಯವನ್ನು ಕಟ್ಟಲು ಹಣ ಬೇಕಾಯಿತು. ಟೆಟ್ಜೆಲ್ ಎಂಬ ಡೊಮಿನಿಕನ್ ಸನ್ಯಾಸಿ ಜರ್ಮನಿಯಲ್ಲಿ ಪತ್ರಗಳನ್ನು ನೀಡಿ ಹಣವನ್ನು ಕೂಡಿಸಿದನು. ೧೫೧೭ರಲ್ಲಿ ಮಾರ್ಟಿನ್ ಲೂಥರನು ಅದನ್ನು ಪ್ರತಿಭಟಿಸಿದನು ಎಂದು ಹೇಳಿ ಮುಂದೆ ಸಾಗುತ್ತೇವೆ. ಈ ವಿವರಣೆ ಸುಳ್ಳಲ್ಲ; ಆದರೆ ಅಪೂರ್ಣ. ಮಾರುವವನ ಲೋಭವನ್ನು ಅದು ತಿಳಿಸುತ್ತದೆಯೇ ಹೊರತು ಕೊಳ್ಳುವವನ ಮನಸ್ಸನ್ನು ತಿಳಿಸುವುದಿಲ್ಲ. ದುಡಿದು ಉಣ್ಣುವ ಸಾಮಾನ್ಯ ಗೃಹಸ್ಥನು, ತನಗೋಸ್ಕರ ಮಾತ್ರವೇ ಅಲ್ಲದೆ, ಎಂದೋ ತೀರಿಹೋದ ತಂದೆತಾಯಿಗಳಿಗೋಸ್ಕರವೂ ತನ್ನ ಹಣವನ್ನು ಏಕೆ ಕೊಟ್ಟನು? ಆ ಹಣದಿಂದ ಅವರಿಗೆ ಏನಾಗುವುದೆಂದು ನಂಬಿದ್ದನು? ಈ ಪ್ರಶ್ನೆಗೆ ಉತ್ತರವಿಲ್ಲದೆ ಮತಸುಧಾರಣೆಯ ಇತಿಹಾಸ ಅರ್ಥವಾಗದು.

ಮರಣಾನಂತರ ಆತ್ಮದ ಗತಿಯನ್ನು ಕುರಿತು ಕ್ರೈಸ್ತರು ತಳೆದ ನಂಬಿಕೆಗಳು ಒಂದೇ ಕಾಲದಲ್ಲಿ, ಒಂದೇ ರೂಪದಲ್ಲಿ ಹುಟ್ಟಿದವಲ್ಲ. ಮರಣದ ದಿನಕ್ಕೂ ಲೋಕಾಂತ್ಯದ ನ್ಯಾಯತೀರ್ಪಿನ ದಿನಕ್ಕೂ ನಡುವೆ ಇರುವ ಅವಧಿಯಲ್ಲಿ ಆತ್ಮ ಎಲ್ಲಿರುತ್ತದೆ, ಹೇಗಿರುತ್ತದೆ, ಅದಕ್ಕೆ ಬದುಕಿರುವವರಿಂದ ಏನಾದರೂ ಸಹಾಯವಾದೀತೇ ಎಂಬ ಪ್ರಶ್ನೆಗಳೇ ಆ ನಂಬಿಕೆಗಳ ಬೆಳವಣಿಗೆಗೆ ಮುಖ್ಯ ಪ್ರೇರಣೆ ಎಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ನಂಬಿಕೆಗಳ ಸತ್ಯಾಸತ್ಯತೆಯನ್ನು ನಿರ್ಣಯಿಸುವುದು ಇತಿಹಾಸಕಾರನ ಕೆಲಸವಲ್ಲ. ಅವು ಹೇಗೆ ರೂಪುಗೊಂಡವು, ಸಮಾಜದಲ್ಲಿ ಯಾವ ಫಲಗಳನ್ನು ಕೊಟ್ಟವು ಎಂಬಷ್ಟಕ್ಕೆ ನಾವು ಮಿತಿ ಹಾಕಿಕೊಳ್ಳುತ್ತೇವೆ.

೧. ‘ಆತ್ಮ’ ಎಂಬ ಪದ

ಮೊದಲು ಒಂದು ಎಚ್ಚರಿಕೆ ಅವಶ್ಯಕ. ಕನ್ನಡ ಓದುಗನ ಕಿವಿಗೆ ‘ಆತ್ಮ’ ಎಂಬ ಮಾತು ಬಿದ್ದೊಡನೆ ಹುಟ್ಟು ಸಾವುಗಳಿಲ್ಲದ, ದೇಹದಿಂದ ದೇಹಕ್ಕೆ ಸಾಗುವ, ಕರ್ಮಫಲವನ್ನು ಅನುಭವಿಸುತ್ತ ಕಡೆಗೆ ಮುಕ್ತಿಯನ್ನು ಪಡೆಯುವ ವಸ್ತುವೊಂದು ಮನಸ್ಸಿಗೆ ಬರುತ್ತದೆ. ಕ್ರೈಸ್ತ ಬೋಧನೆಯಲ್ಲಿ ಆತ್ಮ ಅಂತಹದಲ್ಲ. ಅದು ಅನಾದಿಯಲ್ಲ, ದೇವರಿಂದ ಸೃಷ್ಟಿಯಾದದ್ದು. ಅದಕ್ಕೆ ಇಹದಲ್ಲಿ ಒಂದೇ ಜೀವಿತ, ಪುನರ್ಜನ್ಮವಿಲ್ಲ. ಆದುದರಿಂದ ಆ ಒಂದು ಜೀವಿತದಲ್ಲಿ ಆದ ನಿರ್ಧಾರ ಮರಣದೊಡನೆ ಸ್ಥಿರವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ದೇಹ ಆತ್ಮವು ಕಳಚಿ ಬಿಸಾಡುವ ಹಳೆಯ ಬಟ್ಟೆಯಲ್ಲ. ಹದಿಮೂರನೆಯ ಶತಮಾನದ ಪ್ರಮುಖ ಪಂಡಿತನಾದ ಥಾಮಸ್ ಅಕ್ವೈನಸನು (ಮರಣ ೧೨೭೪) ಆತ್ಮ ಮನುಷ್ಯನ ಒಂದು ಭಾಗವೇ ಹೊರತು ಪೂರ್ಣ ಮನುಷ್ಯನಲ್ಲವೆಂದು ವಾದಿಸಿದನು. ದೇಹದಿಂದ ಅಗಲಿದ ಆತ್ಮ ಅಪೂರ್ಣ. ಲೋಕಾಂತ್ಯದಲ್ಲಿ ದೇಹದ ಪುನರುತ್ಥಾನವಾದಾಗಲೇ ಮನುಷ್ಯ ಮತ್ತೆ ಪೂರ್ಣನಾಗುತ್ತಾನೆ ಎಂಬುದು ಕ್ರೈಸ್ತ ಬೋಧನೆಯ ಸಾರ.

ಇದರಿಂದ ಒಂದು ತೊಡಕು ಹುಟ್ಟುತ್ತದೆ. ಪುನರುತ್ಥಾನವೂ ತೀರ್ಪೂ ಲೋಕಾಂತ್ಯದಲ್ಲಿ ಎಂದಾದರೆ ಇಂದು ಸತ್ತವನ ಗತಿ ಏನು? ಅವನು ಅಲ್ಲಿಯವರೆಗೆ ನಿದ್ರಿಸುತ್ತಾನೆಯೇ, ಕಾಯುತ್ತಾನೆಯೇ, ಅಥವಾ ಈಗಾಗಲೇ ಪ್ರತಿಫಲವನ್ನು ಪಡೆದಿದ್ದಾನೆಯೇ? ಈಗಲೇ ಪಡೆದಿದ್ದರೆ ಮುಂದೆ ಬರುವ ತೀರ್ಪಿಗೆ ಏನು ಅರ್ಥ?

೨. ಯೆಹೂದ್ಯ ಮೂಲ ಮತ್ತು ಹೊಸ ಒಡಂಬಡಿಕೆ

ಈ ತೊಡಕಿನ ಬೇರು ಯೆಹೂದ್ಯರ ಧರ್ಮಗ್ರಂಥಗಳಲ್ಲಿದೆ. ಪ್ರಾಚೀನ ಇಬ್ರಿಯರು ಸತ್ತವರೆಲ್ಲರೂ ‘ಷಿಯೋಲ್’ ಎಂಬ ಭೂಗರ್ಭದ ಮಬ್ಬು ಲೋಕಕ್ಕೆ ಇಳಿಯುತ್ತಾರೆಂದು ಭಾವಿಸಿದ್ದರು. ಕನ್ನಡ ಬೈಬಲಿನಲ್ಲಿ ಇದಕ್ಕೆ ‘ಪಾತಾಳ’ ಎಂಬ ಪದವನ್ನು ಬಳಸಿದ್ದಾರೆ. ಅಲ್ಲಿ ಸಜ್ಜನ ದುರ್ಜನರೆಂಬ ಭೇದ ಮೊದಲಲ್ಲಿ ಸ್ಪಷ್ಟವಾಗಿರಲಿಲ್ಲ. ಕ್ರಿ. ಪೂ. ಎರಡನೆಯ ಶತಮಾನದಲ್ಲಿ ಗ್ರೀಕ್ ಅರಸರ ಹಿಂಸೆಗೆ ಗುರಿಯಾಗಿ ಧರ್ಮನಿಷ್ಠರು ಪ್ರಾಣವನ್ನು ತೆತ್ತಾಗ, ಅವರಿಗೆ ನ್ಯಾಯ ಎಲ್ಲಿ ಎಂಬ ಪ್ರಶ್ನೆ ತೀವ್ರವಾಯಿತು. ಆ ಕಾಲದ ದಾನಿಯೇಲನ ಗ್ರಂಥದಲ್ಲಿ ಸತ್ತವರು ಎದ್ದುಬರುವರೆಂಬ ನಿರೀಕ್ಷೆ ಸ್ಪಷ್ಟವಾಗಿ ಕಾಣುತ್ತದೆ. ಯೇಸುವಿನ ಕಾಲಕ್ಕೆ ಫರಿಸಾಯರು ಪುನರುತ್ಥಾನವನ್ನು ಒಪ್ಪುತ್ತಿದ್ದರು. ಸದ್ದುಕಾಯರು ಅದನ್ನು ನಿರಾಕರಿಸುತ್ತಿದ್ದರು.

ಮಕ್ಕಬಿಯರ ಎರಡನೆಯ ಗ್ರಂಥದ ಒಂದು ಪ್ರಸಂಗ ಮುಂದಿನ ಇತಿಹಾಸದಲ್ಲಿ ಮತ್ತೆ ಮತ್ತೆ ಚರ್ಚೆಗೆ ಬರುವುದರಿಂದ ಅದನ್ನು ಇಲ್ಲಿಯೇ ಹೇಳಬೇಕು. ಯುದ್ಧದಲ್ಲಿ ಮಡಿದ ಯೆಹೂದ್ಯ ಸೈನಿಕರ ಅಂಗಿಗಳ ಒಳಗೆ ಅನ್ಯದೇವತೆಗಳ ತಾಯಿತಗಳು ದೊರೆತವು. ಸೇನಾನಿ ಯೂದ ಮಕ್ಕಬಿಯು ಸುಮಾರು ಎರಡು ಸಾವಿರ ದ್ರಾಖ್ಮ ಬೆಳ್ಳಿಯನ್ನು ಸಂಗ್ರಹಿಸಿ, ಅವರ ಪಾಪಪರಿಹಾರಕ್ಕಾಗಿ ಬಲಿಯನ್ನರ್ಪಿಸಲು ಜೆರೂಸಲೇಮಿಗೆ ಕಳುಹಿಸಿದನು. ಬದುಕಿರುವವರ ಕಾರ್ಯದಿಂದ ಸತ್ತವರಿಗೆ ಉಪಕಾರವಾಗುತ್ತದೆ ಎಂಬ ಭಾವನೆಗೆ ಇದು ಹಳೆಯ ಸಾಕ್ಷ್ಯಗಳಲ್ಲೊಂದು.

ಹೊಸ ಒಡಂಬಡಿಕೆಯಲ್ಲಿ ಈ ವಿಷಯವಾಗಿ ಒಂದೇ ಸ್ವರ ಕೇಳಿಬರುವುದಿಲ್ಲ. ಕ್ರಿ. ಶ. ೫೦ರ ಸುಮಾರಿಗೆ ಸಂತ ಪೌಲನು ಥೆಸಲೋನಿಕದವರಿಗೆ ಬರೆದ ಪತ್ರದಲ್ಲಿ ಸತ್ತವರನ್ನು ನಿದ್ರೆಹೋದವರೆಂದು ಕರೆದು, ಕ್ರಿಸ್ತನ ಪುನರಾಗಮನದಲ್ಲಿ ಅವರು ಮೊದಲು ಏಳುವರೆಂದು ಸಂತೈಸುತ್ತಾನೆ. ಆ ಪುನರಾಗಮನ ಬಹು ಸಮೀಪದಲ್ಲಿದೆ ಎಂದು ಅಂದಿನ ಭಕ್ತರು ನಂಬಿದ್ದುದರಿಂದ ನಡುವಣ ಅವಧಿ ಅವರಿಗೆ ದೊಡ್ಡ ಪ್ರಶ್ನೆಯಾಗಿರಲಿಲ್ಲ. ಲೂಕನ ಸುವಾರ್ತೆಯಲ್ಲಾದರೋ ಧನಿಕನೂ ಬಡ ಲಾಜರನೂ ಸತ್ತ ಕೂಡಲೇ ತಮ್ಮ ತಮ್ಮ ಗತಿಯನ್ನು ಹೊಂದುತ್ತಾರೆ. ಶಿಲುಬೆಯ ಮೇಲಿನ ಕಳ್ಳನಿಗೆ ಅಂದೇ ಪರದೈಸಿನ ವಾಗ್ದಾನ ದೊರೆಯುತ್ತದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪ್ರತಿಯೊಬ್ಬನ ಕೆಲಸವನ್ನು ಬೆಂಕಿ ಪರೀಕ್ಷಿಸುವುದೆಂಬ ಮಾತುಂಟು. ನಿದ್ರೆ, ತಕ್ಷಣದ ಪ್ರತಿಫಲ, ಪರೀಕ್ಷಿಸುವ ಬೆಂಕಿ ಎಂಬ ಈ ಮೂರು ಚಿತ್ರಗಳನ್ನು ಹೊಂದಿಸುವ ಕೆಲಸ ಮುಂದಿನ ತಲೆಮಾರುಗಳ ಪಾಲಿಗೆ ಬಂದಿತು.

೩. ಪ್ರಾಚೀನ ಸಭೆಯ ಆಚರಣೆ

ಸಿದ್ಧಾಂತಕ್ಕಿಂತ ಮೊದಲು ಆಚರಣೆ ಬಂದಿತೆಂಬುದು ಗಮನಾರ್ಹ. ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಕ್ರಿ. ಶ. ೨೦೩ರಲ್ಲಿ ಹುತಾತ್ಮಳಾದ ಪರ್ಪೆಟುವಾ ಎಂಬ ತರುಣಿಯ ಸೆರೆಮನೆಯ ವೃತ್ತಾಂತ ಉಳಿದುಬಂದಿದೆ. ಮುಖದ ಹುಣ್ಣಿನಿಂದ ಏಳನೆಯ ವಯಸ್ಸಿನಲ್ಲಿ ತೀರಿಹೋಗಿದ್ದ ತಮ್ಮ ಡಿನಾಕ್ರಟೀಸನನ್ನು ಅವಳು ಸ್ವಪ್ನದಲ್ಲಿ ಕಾಣುತ್ತಾಳೆ. ಹುಡುಗನಿಗೆ ಬಾಯಾರಿಕೆ, ಎದುರಿಗೆ ನೀರಿನ ತೊಟ್ಟಿ ಇದೆ, ಆದರೆ ಅದರ ಅಂಚು ಅವನಿಗೆ ನಿಲುಕದಷ್ಟು ಎತ್ತರ. ಪರ್ಪೆಟುವಾ ಹಗಲಿರುಳು ಅವನಿಗಾಗಿ ಪ್ರಾರ್ಥಿಸುತ್ತಾಳೆ. ಮತ್ತೊಂದು ಸ್ವಪ್ನದಲ್ಲಿ ತೊಟ್ಟಿಯ ಅಂಚು ತಗ್ಗಿದೆ. ಹುಡುಗ ನೀರು ಕುಡಿದು ಆಟವಾಡಲು ಓಡುತ್ತಾನೆ. ಇಲ್ಲಿ ತರ್ಕವಿಲ್ಲ, ಸ್ಥಳದ ಹೆಸರಿಲ್ಲ. ಅಕ್ಕನ ಪ್ರಾರ್ಥನೆ ತಮ್ಮನಿಗೆ ಮುಟ್ಟಿತೆಂಬ ನಂಬಿಕೆಯೊಂದೇ ಇದೆ.

ಅದೇ ನಗರದ ಟರ್ಟುಲಿಯನನು ವಿಧವೆಯು ಗಂಡನ ಆತ್ಮಕ್ಕಾಗಿ ಪ್ರಾರ್ಥಿಸಿ, ಅವನು ಸತ್ತ ದಿನದಂದು ವರ್ಷವರ್ಷವೂ ಕಾಣಿಕೆಯನ್ನು ಅರ್ಪಿಸುವುದನ್ನು ಉಲ್ಲೇಖಿಸುತ್ತಾನೆ. ಅವನ ಅಭಿಪ್ರಾಯದಂತೆ ಹುತಾತ್ಮರ ಹೊರತು ಉಳಿದವರ ಆತ್ಮಗಳು ಪಾತಾಳದಲ್ಲಿ ಪುನರುತ್ಥಾನವನ್ನು ಕಾಯುತ್ತವೆ. ಅಲೆಕ್ಸಾಂಡ್ರಿಯದ ಒರಿಜನನು ಇನ್ನೂ ಮುಂದೆ ಹೋಗಿ, ದಂಡನೆಯೆಲ್ಲ ಚಿಕಿತ್ಸೆಯಂತೆ, ಕಡೆಗೆ ಸರ್ವಜೀವರೂ ದೇವರಲ್ಲಿಗೆ ಮರಳಬಹುದೆಂದು ಸೂಚಿಸಿದನು. ಈ ಮತವನ್ನು ಆರನೆಯ ಶತಮಾನದಲ್ಲಿ ಸಭೆ ಖಂಡಿಸಿತು. ಆ ಬಳಿಕ ಮುಗಿಯುವ ಬೆಂಕಿಯ ವಿಷಯ ಬಂದಾಗಲೆಲ್ಲ ಒರಿಜನನ ನೆನಪಿನಿಂದ ಪೂರ್ವದೇಶದ ಪಂಡಿತರು ಶಂಕಿತರಾಗುತ್ತಿದ್ದರು.

ಪಶ್ಚಿಮದಲ್ಲಿ ಈ ವಿಚಾರಕ್ಕೆ ಒಂದು ಕ್ರಮವನ್ನು ತಂದವನು ಸಂತ ಅಗಸ್ಟೀನ್ (೩೫೪-೪೩೦). ಅವನ ತಾಯಿ ಮೋನಿಕಾ ೩೮೭ರಲ್ಲಿ ಓಸ್ಟಿಯಾ ಬಂದರಿನಲ್ಲಿ ತೀರಿಕೊಳ್ಳುವಾಗ, ತನ್ನ ದೇಹವನ್ನು ಎಲ್ಲಿ ಹೂಳಿದರೂ ಚಿಂತೆಯಿಲ್ಲ, ಬಲಿಪೀಠದ ಬಳಿ ತನ್ನನ್ನು ನೆನೆದರೆ ಸಾಕೆಂದು ಕೇಳಿಕೊಂಡಳೆಂದು ಅವನು ಬರೆದಿದ್ದಾನೆ. ಮುಂದೆ ಅವನು ಸತ್ತವರನ್ನು ಮೂರು ಬಗೆಯಾಗಿ ವಿಂಗಡಿಸಿದನು. ಬಹಳ ಒಳ್ಳೆಯವರಿಗೆ ನಮ್ಮ ಪ್ರಾರ್ಥನೆ ಬೇಕಿಲ್ಲ. ಬಹಳ ಕೆಟ್ಟವರಿಗೆ ಅದು ಉಪಯೋಗವಿಲ್ಲ. ಅಷ್ಟೇನೂ ಕೆಟ್ಟವರಲ್ಲದವರಿಗೆ ಅದರಿಂದ ಪ್ರಯೋಜನವುಂಟು. ಹುತಾತ್ಮನ ಸಮಾಧಿಯ ಪಕ್ಕದಲ್ಲಿ ಹೂಳಿದರೆ ಸತ್ತವನಿಗೆ ಲಾಭವೇ ಎಂದು ನೋಲದ ಬಿಷಪ್ ಪೌಲಿನಸನು ಕೇಳಿದಾಗ, ಅಗಸ್ಟೀನನು ಕೊಟ್ಟ ಉತ್ತರ ವಿವೇಕಯುತವಾದುದು: ಸ್ಥಳದಿಂದ ಲಾಭವಿಲ್ಲ, ಸ್ಥಳವನ್ನು ಕಂಡು ಉಳಿದವರು ಪ್ರಾರ್ಥಿಸಿದರೆ ಲಾಭವುಂಟು, ಶವಸಂಸ್ಕಾರದ ವೈಭವ ಸತ್ತವರಿಗೆ ಸಹಾಯ ಎನ್ನುವುದಕ್ಕಿಂತ ಬದುಕಿರುವವರಿಗೆ ಸಮಾಧಾನ.

೪. ಶುದ್ಧೀಕರಣಸ್ಥಾನದ ಉದಯ

ಅಗಸ್ಟೀನನ ನಡುವಣ ವರ್ಗದವರು ಎಲ್ಲಿರುತ್ತಾರೆಂಬುದಕ್ಕೆ ಕಥೆಗಳು ಉತ್ತರ ಕೊಡತೊಡಗಿದವು. ಪೋಪ್ ಒಂದನೆಯ ಗ್ರೆಗರಿ (೫೯೦-೬೦೪) ತನ್ನ ಸಂವಾದಗ್ರಂಥದಲ್ಲಿ ಯುಸ್ಟಸ್ ಎಂಬ ಸನ್ಯಾಸಿಯ ವೃತ್ತಾಂತವನ್ನು ಹೇಳಿದ್ದಾನೆ. ಮಠದ ನಿಯಮಕ್ಕೆ ವಿರುದ್ಧವಾಗಿ ಇವನು ಮೂರು ಚಿನ್ನದ ನಾಣ್ಯಗಳನ್ನು ಬಚ್ಚಿಟ್ಟಿದ್ದನು. ಅವನು ಸತ್ತಮೇಲೆ ಗ್ರೆಗರಿಯು ಮೂವತ್ತು ದಿನಗಳ ಕಾಲ ಎಡೆಬಿಡದೆ ಅವನಿಗಾಗಿ ಬಲಿಪೂಜೆಯನ್ನು ಅರ್ಪಿಸಲು ಆಜ್ಞಾಪಿಸಿದನು. ಕೊನೆಯಲ್ಲಿ ಸತ್ತವನು ತನ್ನ ಸಹೋದರನಿಗೆ ಕಾಣಿಸಿಕೊಂಡು ತಾನು ನೆಮ್ಮದಿ ಪಡೆದುದನ್ನು ತಿಳಿಸಿದನಂತೆ. ಮೂವತ್ತು ಪೂಜೆಗಳ ಸಂಪ್ರದಾಯ ಇಲ್ಲಿಂದ ಹರಡಿತು. ಇಂಗ್ಲೆಂಡಿನ ಬೀಡ್ ಪಂಡಿತನು ೭೩೧ರಲ್ಲಿ ಮುಗಿಸಿದ ಇತಿಹಾಸದಲ್ಲಿ ಡ್ರಿತೆಲ್ಮ್ ಎಂಬವನು ಸತ್ತು ಬದುಕಿಬಂದು ಕಂಡುದನ್ನು ಹೇಳಿದ ಕಥೆಯಿದೆ: ಒಂದು ಕಣಿವೆ, ಒಂದು ಪಕ್ಕದಲ್ಲಿ ಉರಿ, ಇನ್ನೊಂದರಲ್ಲಿ ಹಿಮ, ಎರಡರ ನಡುವೆ ಹೊಯ್ದಾಡುವ ಆತ್ಮಗಳು.

ಹನ್ನೊಂದನೆಯ ಶತಮಾನದ ಆದಿಭಾಗದಲ್ಲಿ ಫ್ರಾನ್ಸಿನ ಕ್ಲೂನಿ ಮಠದ ಅಧಿಪತಿ ಓಡಿಲೋ ನವೆಂಬರ್ ೨ನೆಯ ದಿನವನ್ನು ಸಕಲ ಮೃತರ ಸ್ಮರಣೆಗೆ ಗೊತ್ತುಪಡಿಸಿದನು. ಹಿಂದಿನ ದಿನ ಸಕಲ ಸಂತರ ಹಬ್ಬ. ಕ್ಲೂನಿಯ ಶಾಖಾಮಠಗಳ ಮೂಲಕ ಈ ಆಚರಣೆ ಪಶ್ಚಿಮ ಯೂರೋಪಿನಲ್ಲೆಲ್ಲ ವ್ಯಾಪಿಸಿತು.

ಆದರೂ ‘ಶುದ್ಧೀಕರಿಸುವ ಬೆಂಕಿ’ ಎಂಬ ಮಾತು ಇದ್ದಿತೇ ಹೊರತು ಅದಕ್ಕೆಂದೇ ಒಂದು ಸ್ಥಾನದ ಹೆಸರು ಬಹುಕಾಲ ಇರಲಿಲ್ಲ. ಲ್ಯಾಟಿನ್ನಿನ ‘ಪುರ್ಗಟೋರಿಯಂ’ ಎಂಬ ನಾಮಪದ ೧೧೭೦-೮೦ರ ನಡುವೆ ಪ್ಯಾರಿಸಿನ ವಿದ್ಯಾಲಯಗಳ ಪರಿಸರದಲ್ಲಿ ಕಾಣಿಸಿಕೊಂಡಿತೆಂದು ಫ್ರೆಂಚ್ ಇತಿಹಾಸಕಾರ ಜಾಕ್ ಲ ಗಾಫ್ ೧೯೮೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಾದಿಸಿದ್ದಾನೆ. ನಗರಗಳೂ ವಾಣಿಜ್ಯವೂ ಬೆಳೆದು, ಒಡೆಯ ಮತ್ತು ಆಳು ಎಂಬ ಇಬ್ಬಗೆಯ ಸಮಾಜದಲ್ಲಿ ನಡುವಣ ವರ್ಗ ತಲೆದೋರಿದ ಕಾಲದಲ್ಲಿಯೇ ಪರಲೋಕದಲ್ಲೂ ನಡುವಣ ಸ್ಥಾನ ನೆಲೆಗೊಂಡಿತೆಂಬುದು ಅವನ ನಿಲುವು. ಹೆಸರಿಗೆ ಇಷ್ಟು ಮಹತ್ವವನ್ನು ಕೊಡಬಾರದು, ಕಲ್ಪನೆ ಬೀಡನ ಕಾಲಕ್ಕಾಗಲೇ ಸ್ಪಷ್ಟವಾಗಿತ್ತು ಎಂದು ಅನೇಕ ವಿದ್ವಾಂಸರು ಆಕ್ಷೇಪಿಸಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಕಲ್ಪನೆ ಹಳೆಯದೆಂಬುದು ನಿಜ. ಆದರೆ ಹೆಸರು ಬಂದಮೇಲೆ ಅದು ಕಥೆಗಾರರ ಕೈಯಿಂದ ನ್ಯಾಯಶಾಸ್ತ್ರಜ್ಞರ ಕೈಗೆ ಹೋಯಿತು. ದಂಡನೆಯ ಕಾಲ, ಪ್ರಮಾಣ, ರಿಯಾಯಿತಿಗಳ ಲೆಕ್ಕಕ್ಕೆ ಅವಕಾಶವಾಯಿತು.

ಈ ಸಿದ್ಧಾಂತದ ತಿರುಳನ್ನು ಸರಿಯಾಗಿ ತಿಳಿಯಬೇಕು. ಶುದ್ಧೀಕರಣಸ್ಥಾನ ಸ್ವರ್ಗನರಕಗಳ ನಡುವೆ ತೂಗಾಡುವವರ ಸ್ಥಳವಲ್ಲ. ಸತ್ತಮೇಲೆ ದೊರೆಯುವ ಎರಡನೆಯ ಅವಕಾಶವೂ ಅಲ್ಲ. ಅಲ್ಲಿರುವವರೆಲ್ಲರೂ ಉದ್ಧಾರವಾದವರೇ. ಪಾಪದಲ್ಲಿ ದೋಷ ಮತ್ತು ದಂಡ ಎಂಬ ಎರಡು ಅಂಶಗಳಿವೆ. ಪಶ್ಚಾತ್ತಾಪದಿಂದಲೂ ಗುರುವಿನ ಕ್ಷಮೆಯಿಂದಲೂ ದೋಷ ಹೋಗುತ್ತದೆ; ಆದರೆ ತೀರಿಸಬೇಕಾದ ದಂಡ ಉಳಿಯಬಹುದು. ಅದನ್ನು ಉಪವಾಸ, ದಾನ, ಯಾತ್ರೆಗಳಿಂದ ಇಲ್ಲಿಯೇ ತೀರಿಸಬೇಕು. ಉಳಿದುದನ್ನು ಅಲ್ಲಿ ತೀರಿಸಬೇಕು. ೧೨೭೪ರ ಎರಡನೆಯ ಲಿಯಾನ್ ಮಹಾಸಭೆಯಲ್ಲಿ ಈ ಬೋಧನೆ ಅಧಿಕೃತ ರೂಪವನ್ನು ಪಡೆಯಿತು. ೧೩೨೧ರಲ್ಲಿ ತೀರಿಕೊಂಡ ಕವಿ ಡಾಂಟೆ ತನ್ನ ಮಹಾಕಾವ್ಯದಲ್ಲಿ ಅದನ್ನು ಏಳು ಮೆಟ್ಟಲುಗಳ ಪರ್ವತವಾಗಿ ಚಿತ್ರಿಸಿದನು. ಅಲ್ಲಿ ನೋವಿದೆ, ಜೊತೆಗೆ ಭರವಸೆಯೂ ಇದೆ.

೫. ಒಬ್ಬ ಪೋಪನ ಸಂದೇಹ

ಶುದ್ಧರಾದವರಿಗೆ ದೇವರ ಪ್ರತ್ಯಕ್ಷ ದರ್ಶನ ಯಾವಾಗ ಎಂಬ ಪ್ರಶ್ನೆ ಇನ್ನೂ ಉಳಿದಿತ್ತು. ೧೩೩೧ರ ನವೆಂಬರ್ ೧ರಂದು ಪೋಪ್ ಇಪ್ಪತ್ತೆರಡನೆಯ ಜಾನ್, ಆಗ ಪೋಪರ ನಿವಾಸವಾಗಿದ್ದ ಆವಿನ್ಯೋನ್ ನಗರದಲ್ಲಿ ಪ್ರವಚನ ಮಾಡುತ್ತ, ಸಂತರ ಆತ್ಮಗಳು ಕೂಡ ಅಂತಿಮ ತೀರ್ಪಿನವರೆಗೆ ದೇವರನ್ನು ಮುಖಾಮುಖಿಯಾಗಿ ಕಾಣುವುದಿಲ್ಲವೆಂದು ಹೇಳಿದನು. ಇದು ಹಳೆಯ ಬರಹಗಾರರಲ್ಲಿ ಕೆಲವರಿಗೆ ಒಪ್ಪಿಗೆಯಾಗಿದ್ದ ಮತವೇ. ಆದರೆ ಈ ವೇಳೆಗೆ ಕ್ರೈಸ್ತ ಸಮಾಜದ ಭಕ್ತಿಯೆಲ್ಲ ಸಂತರ ಮಧ್ಯಸ್ಥಿಕೆಯ ಮೇಲೆ ನಿಂತಿತ್ತು. ಸಂತರೇ ದೇವರ ಸನ್ನಿಧಿಯಲ್ಲಿಲ್ಲದಿದ್ದರೆ ಅವರಿಗೆ ಮಾಡುವ ಮೊರೆ, ಅವರ ಸಮಾಧಿಗಳ ಯಾತ್ರೆ ಇವುಗಳಿಗೆ ಆಧಾರವೇನು?

ದೊಡ್ಡ ಕೋಲಾಹಲವೇ ಎದ್ದಿತು. ಪೋಪನ ವಿರುದ್ಧ ಬೋಧಿಸಿದ ಥಾಮಸ್ ವಾಲೀಸ್ ಎಂಬ ಆಂಗ್ಲ ಡೊಮಿನಿಕನ್ ಪಂಡಿತನು ಸೆರೆಗೆ ಬಿದ್ದನು. ಫ್ರಾನ್ಸಿನ ಅರಸ ಆರನೆಯ ಫಿಲಿಪ್ ೧೩೩೩ರ ಡಿಸೆಂಬರಿನಲ್ಲಿ ವ್ಯಾಂಸೆನ್ನಿನಲ್ಲಿ ಪ್ಯಾರಿಸಿನ ಪಂಡಿತರನ್ನು ಕೂಡಿಸಿ, ಪೋಪನ ಮತಕ್ಕೆ ವಿರುದ್ಧವಾದ ಅಭಿಪ್ರಾಯವನ್ನು ಪಡೆದನು. ತಾನು ಹೇಳಿದುದು ಖಾಸಗಿ ಅಭಿಪ್ರಾಯವೆಂದು ಸಮರ್ಥಿಸಿಕೊಂಡಿದ್ದ ವೃದ್ಧ ಪೋಪನು ೧೩೩೪ರ ಡಿಸೆಂಬರ್ ೩ರಂದು ಮರಣಶಯ್ಯೆಯಲ್ಲಿ ಅದನ್ನು ಹಿಂತೆಗೆದುಕೊಂಡನು, ಮರುದಿನವೇ ತೀರಿಹೋದನು. ಅವನ ಉತ್ತರಾಧಿಕಾರಿ ಹನ್ನೆರಡನೆಯ ಬೆನೆಡಿಕ್ಟನು ೧೩೩೬ರ ಜನವರಿ ೨೯ರಂದು ಹೊರಡಿಸಿದ ಶಾಸನದಿಂದ ವಿವಾದ ಮುಗಿಯಿತು. ಶುದ್ಧೀಕರಣದ ಅಗತ್ಯವಿಲ್ಲದ ಆತ್ಮಗಳು ಮರಣದ ತಕ್ಷಣವೇ, ಅಗತ್ಯವುಳ್ಳವು ಶುದ್ಧವಾದ ತಕ್ಷಣವೇ, ಪುನರುತ್ಥಾನಕ್ಕೆ ಮೊದಲೇ ದೇವರ ದರ್ಶನವನ್ನು ಹೊಂದುತ್ತವೆ. ಘೋರ ಪಾಪದಲ್ಲಿ ಸತ್ತವರು ಕೂಡಲೇ ನರಕಕ್ಕೆ ಇಳಿಯುತ್ತಾರೆ. ಹೀಗೆ ಪ್ರತಿಯೊಬ್ಬನಿಗೂ ಮರಣದಲ್ಲಿಯೇ ಒಂದು ವ್ಯಕ್ತಿಗತ ತೀರ್ಪು, ಲೋಕಾಂತ್ಯದಲ್ಲಿ ಸಕಲರಿಗೂ ಸಾರ್ವತ್ರಿಕ ತೀರ್ಪು ಎಂಬ ವ್ಯವಸ್ಥೆ ದೃಢವಾಯಿತು.

೬. ಪೂರ್ವದೇಶದ ಸಭೆ

ಗ್ರೀಕ್ ಸಂಪ್ರದಾಯದ ಆರ್ಥೊಡಾಕ್ಸ್ ಕ್ರೈಸ್ತರು ಸತ್ತವರಿಗಾಗಿ ಪ್ರಾರ್ಥಿಸುವುದರಲ್ಲಿ ಯಾರಿಗೂ ಹಿಂದಲ್ಲ. ಮರಣದ ಮೂರನೆಯ, ಒಂಬತ್ತನೆಯ, ನಲವತ್ತನೆಯ ದಿನಗಳಲ್ಲಿ ಸ್ಮರಣೆ ನಡೆಯುತ್ತದೆ; ಬೇಯಿಸಿದ ಗೋಧಿಯನ್ನು, ಪುನರುತ್ಥಾನದ ಸಂಕೇತವಾಗಿ, ಹಂಚುತ್ತಾರೆ. ಆದರೆ ದಂಡವನ್ನು ಅಳೆದು ತೀರಿಸುವ ನ್ಯಾಯಾಲಯದ ಕಲ್ಪನೆ ಅವರಿಗೆ ಒಪ್ಪಿಗೆಯಾಗಲಿಲ್ಲ. ತುರ್ಕರ ಮುತ್ತಿಗೆಯ ಭಯದಲ್ಲಿದ್ದ ಕಾನ್‌ಸ್ಟಾಂಟಿನೋಪಲ್, ಪಶ್ಚಿಮದ ನೆರವನ್ನು ಬಯಸಿ ಐಕ್ಯಕ್ಕೆ ಮುಂದಾದಾಗ, ೧೪೩೮ರಲ್ಲಿ ಫೆರಾರ ನಗರದಲ್ಲಿ ಈ ವಿಷಯ ಚರ್ಚೆಗೆ ಬಂದಿತು. ಲ್ಯಾಟಿನರು ಮಕ್ಕಬಿಯರ ಗ್ರಂಥವನ್ನೂ ಪೌಲನ ಬೆಂಕಿಯ ಮಾತನ್ನೂ ಆಧಾರವಾಗಿ ತೋರಿಸಿದರು. ಎಫೆಸದ ಮಾರ್ಕನು ಪ್ರಾರ್ಥನೆಯನ್ನು ಒಪ್ಪಿ ಬೆಂಕಿಯನ್ನು ನಿರಾಕರಿಸಿದನು. ೧೪೩೯ರ ಜುಲೈ ೬ರ ಫ್ಲಾರೆನ್ಸಿನ ಐಕ್ಯಶಾಸನದಲ್ಲಿ ಶುದ್ಧೀಕರಿಸುವ ದಂಡನೆಗಳ ಮಾತಿದೆ, ಬೆಂಕಿಯ ಮಾತಿಲ್ಲ. ಮಾರ್ಕನು ಅದಕ್ಕೂ ಸಹಿ ಹಾಕಲಿಲ್ಲ, ಐಕ್ಯ ಬಾಳಲಿಲ್ಲ. ಸತ್ತವರಿಗಾಗಿ ಪ್ರಾರ್ಥಿಸಲು ಶುದ್ಧೀಕರಣಸ್ಥಾನದ ಸಿದ್ಧಾಂತ ಅನಿವಾರ್ಯವಲ್ಲವೆಂಬುದಕ್ಕೆ ಪೂರ್ವಸಭೆಯೇ ನಿದರ್ಶನ.

೭. ಸತ್ತವರ ಸೇವೆ ಮತ್ತು ಅದರ ಅಂತ್ಯ

ಮಧ್ಯಯುಗದ ಕೊನೆಯ ಹೊತ್ತಿಗೆ ಸತ್ತವರ ಸೇವೆ ಪಶ್ಚಿಮ ಯೂರೋಪಿನ ಸಮಾಜವ್ಯವಸ್ಥೆಯ ಒಂದು ಕಂಬವಾಗಿತ್ತು. ಶ್ರೀಮಂತರು ಭೂಮಿಯನ್ನು ದತ್ತಿ ಬಿಟ್ಟು, ತಮ್ಮ ಆತ್ಮಕ್ಕಾಗಿ ನಿತ್ಯ ಪೂಜೆ ಸಲ್ಲಿಸುವ ಗುರುಗಳನ್ನು ನೇಮಿಸುತ್ತಿದ್ದರು. ಇಂಗ್ಲೆಂಡಿನಲ್ಲಿ ಇಂತಹ ದತ್ತಿಗಳಿಗೆ ‘ಚಾಂಟ್ರಿ’ ಎಂದು ಹೆಸರು. ಬಡವರು ಸಂಘಗಳನ್ನು ಕಟ್ಟಿಕೊಂಡು ವಂತಿಗೆಯಿಂದ ಅದೇ ಕೆಲಸವನ್ನು ನಡೆಸುತ್ತಿದ್ದರು. ಈ ದತ್ತಿಗಳ ಗುರುಗಳಲ್ಲಿ ಹಲವರು ಮಕ್ಕಳಿಗೆ ಓದು ಬರಹವನ್ನೂ ಕಲಿಸುತ್ತಿದ್ದರು. ಆಕ್ಸ್‌ಫರ್ಡಿನ ಆಲ್ ಸೋಲ್ಸ್ ಕಾಲೇಜಿನ ಹೆಸರಿನ ಅರ್ಥವೇ ‘ಸಕಲ ಆತ್ಮಗಳು’. ೧೪೩೮ರಲ್ಲಿ ಅದನ್ನು ಸ್ಥಾಪಿಸಿದಾಗ, ಫ್ರಾನ್ಸಿನೊಡನೆ ನಡೆದ ದೀರ್ಘ ಯುದ್ಧದಲ್ಲಿ ಮಡಿದವರ ಆತ್ಮಗಳಿಗಾಗಿ ಪ್ರಾರ್ಥಿಸುವುದು ಅದರ ವಿದ್ವಾಂಸರ ಕರ್ತವ್ಯಗಳಲ್ಲಿ ಒಂದಾಗಿತ್ತು.

ಪಾಪಕ್ಷಮಾಪತ್ರದ ಸ್ಥಾನ ಇಲ್ಲಿ ಸ್ಪಷ್ಟವಾಗುತ್ತದೆ. ಅದು ದೋಷವನ್ನು ಕಳೆಯುವುದೆಂದು ಸಭೆ ಎಂದೂ ಬೋಧಿಸಲಿಲ್ಲ. ಉಳಿದ ದಂಡವನ್ನು ಮನ್ನಾ ಮಾಡುವುದಷ್ಟೇ ಅದರ ಉದ್ದೇಶ. ಕ್ರಿಸ್ತನ ಮತ್ತು ಸಂತರ ಪುಣ್ಯ ಒಂದು ಭಂಡಾರದಂತಿದ್ದು, ಅದರಿಂದ ಹಂಚುವ ಅಧಿಕಾರ ಪೋಪನಿಗಿದೆ ಎಂಬ ತತ್ತ್ವವನ್ನು ೧೩೪೩ರಲ್ಲಿ ಆರನೆಯ ಕ್ಲೆಮೆಂಟನು ಪ್ರಕಟಿಸಿದ್ದನು. ೧೪೭೬ರಲ್ಲಿ ನಾಲ್ಕನೆಯ ಸಿಕ್ಸ್ಟಸನು, ಫ್ರಾನ್ಸಿನ ಸ್ಯಾಂತ್ ನಗರದ ದೇವಾಲಯದ ದುರಸ್ತಿಗೆ ಸಂಬಂಧಿಸಿ, ಬಿನ್ನಹದ ರೂಪದಲ್ಲಿ ಈ ಮನ್ನಾ ಸತ್ತವರಿಗೂ ಸಲ್ಲುವುದೆಂದು ಸಾರಿದನು. ನಮ್ಮ ಮೊದಲಿನ ಪ್ರಶ್ನೆಗೆ ಉತ್ತರ ಇದೇ. ಜರ್ಮನಿಯ ಗೃಹಸ್ಥನು ಕೊಂಡದ್ದು ತನ್ನ ಪಾಪಕ್ಕೆ ಪರವಾನಗಿಯನ್ನಲ್ಲ. ನೋವಿನಲ್ಲಿರುವ ತಾಯಿಯ ಬಿಡುಗಡೆಯನ್ನು. ಪರ್ಪೆಟುವಾ ಪ್ರಾರ್ಥನೆಯಿಂದ ತಗ್ಗಿಸಿದ ತೊಟ್ಟಿಯ ಅಂಚನ್ನು ಅವನು ಹಣದಿಂದ ತಗ್ಗಿಸಬಯಸಿದನು.

ಲೂಥರನು ೧೫೧೭ರ ಅಕ್ಟೋಬರ್ ೩೧ರಂದು ಹೊರಡಿಸಿದ ತೊಂಬತ್ತೈದು ಪ್ರಮೇಯಗಳಲ್ಲಿ ಶುದ್ಧೀಕರಣಸ್ಥಾನವನ್ನು ಅಲ್ಲಗಳೆಯಲಿಲ್ಲ. ಪೋಪನಿಗೆ ಆ ಸಾಮರ್ಥ್ಯವಿದ್ದರೆ ಹಣಕ್ಕಾಗಿ ಕಾಯದೆ ಪ್ರೀತಿಯಿಂದಲೇ ಎಲ್ಲರನ್ನೂ ಏಕೆ ಬಿಡಿಸಬಾರದೆಂಬ ಜನರ ಪ್ರಶ್ನೆಯನ್ನು ಎತ್ತಿ ತೋರಿಸಿದನು. ವಿಶ್ವಾಸದಿಂದ ಮಾತ್ರವೇ ಉದ್ಧಾರವೆಂಬ ತತ್ತ್ವ ಬೆಳೆದಂತೆ ತೀರಿಸಬೇಕಾದ ದಂಡಕ್ಕೇ ಎಡೆಯಿಲ್ಲವಾಯಿತು. ೧೫೩೦ರಲ್ಲಿ ಅವನು ಆ ಸಿದ್ಧಾಂತವನ್ನು ಬಹಿರಂಗವಾಗಿ ತ್ಯಜಿಸಿದನು. ಮಕ್ಕಬಿಯರ ಗ್ರಂಥಗಳು ಅವನ ೧೫೩೪ರ ಜರ್ಮನ್ ಬೈಬಲಿನಲ್ಲಿ ಧರ್ಮಗ್ರಂಥಕ್ಕೆ ಸಮಾನವಲ್ಲದ ಅನುಬಂಧಕ್ಕೆ ಸರಿದವು. ನಡುವಣ ಅವಧಿಯ ಪ್ರಶ್ನೆ ಮಾತ್ರ ಸುಧಾರಕರನ್ನು ಬಿಡಲಿಲ್ಲ. ಲೂಥರನು ಮರಣವನ್ನು ಹಲವು ಕಡೆ ನಿದ್ರೆಯೆಂದೇ ವರ್ಣಿಸಿದನು. ಕಾಲ್ವಿನನು ಆತ್ಮನಿದ್ರೆಯ ಮತವನ್ನು ಖಂಡಿಸಿ ೧೫೩೪ರಲ್ಲಿ ತನ್ನ ಆರಂಭದ ಗ್ರಂಥಗಳಲ್ಲೊಂದನ್ನು ಬರೆದನು. ನಂಬಿದವರ ಆತ್ಮ ಮರಣದ ಕೂಡಲೇ ಮಹಿಮೆಗೆ ಸೇರುತ್ತದೆ, ದೇಹ ಸಮಾಧಿಯಲ್ಲಿ ಪುನರುತ್ಥಾನವನ್ನು ಕಾಯುತ್ತದೆ ಎಂಬ ಬೋಧನೆ ೧೬೪೬ರ ವೆಸ್ಟ್‌ಮಿನ್‌ಸ್ಟರ್ ನಿರೂಪಣೆಯಲ್ಲಿ ಸ್ಥಿರವಾಯಿತು.

ಇಂಗ್ಲೆಂಡಿನಲ್ಲಿ ಈ ವಾದ ರಾಜ್ಯದ ಬೊಕ್ಕಸವನ್ನೂ ಮುಟ್ಟಿತು. ಸತ್ತವರ ಹೆಸರಿನಲ್ಲಿ ಗುರುಗಳು ದೇಶದ ಸಂಪತ್ತನ್ನು ಹೀರುತ್ತಿದ್ದಾರೆಂದು ಸೈಮನ್ ಫಿಷ್ ಭಿಕ್ಷುಕರ ಪರವಾಗಿ ಒಂದು ಕರಪತ್ರವನ್ನು ಬರೆದನು. ೧೫೨೯ರಲ್ಲಿ ಥಾಮಸ್ ಮೋರನು ಅದಕ್ಕೆ ಉತ್ತರವಾಗಿ, ಸತ್ತವರೇ ಬದುಕಿರುವವರನ್ನು ತಮ್ಮನ್ನು ಮರೆಯಬೇಡಿರೆಂದು ಬೇಡಿಕೊಳ್ಳುವ ಬಿನ್ನಹವನ್ನು ರಚಿಸಿದನು. ಒಬ್ಬನು ಹಸಿದ ಜೀವಂತರ ಪರವಾಗಿ, ಇನ್ನೊಬ್ಬನು ಮಾತಿಲ್ಲದ ಮೃತರ ಪರವಾಗಿ ವಾದಿಸಿದನು; ಎರಡು ವಾದಗಳಲ್ಲಿಯೂ ಕನಿಕರವಿದೆ. ೧೫೪೭ರ ಶಾಸನದಿಂದ ಎರಡು ಸಾವಿರಕ್ಕೂ ಮಿಕ್ಕ ಚಾಂಟ್ರಿಗಳೂ ಅಂತಹ ದತ್ತಿಗಳೂ ರದ್ದಾದವು. ಪಾಠಶಾಲೆಗಳಿಗೆ ಬಳಸುವುದಾಗಿ ಹೇಳಿದ ಆಸ್ತಿಯ ಬಹುಭಾಗ ದೊರೆಯ ವೆಚ್ಚಗಳಿಗೆ ಹೋಯಿತು. ೧೫೫೨ರ ಪ್ರಾರ್ಥನಾಗ್ರಂಥದ ಶವಸಂಸ್ಕಾರವಿಧಿಯಲ್ಲಿ ಗುರುವು ಸತ್ತವನನ್ನು ಉದ್ದೇಶಿಸಿ ಮಾತನಾಡುವುದೇ ನಿಂತಿತು. ನೆರೆದವರನ್ನು ಕುರಿತು ಮಾತನಾಡಿದನು. ಅಲ್ಲಿಯವರೆಗೆ ಮಗನು ತಂದೆಗಾಗಿ ಮಾಡಬಹುದಾಗಿದ್ದ ಕೆಲಸವೊಂದು ಅಂದಿನಿಂದ ಇಲ್ಲವಾಯಿತು. ಶುಲ್ಕದ ಹೊರೆ ಇಳಿಯಿತು, ನರಳುವ ಆತ್ಮಗಳ ಭಯ ಹೋಯಿತು. ಅದರ ಜೊತೆಯಲ್ಲಿಯೇ ಒಂದು ಸಂಬಂಧವೂ ಹೋಯಿತು. ಈ ಲಾಭನಷ್ಟಗಳೆರಡನ್ನೂ ವಿದ್ಯಾರ್ಥಿಗಳು ಒಟ್ಟಿಗೆ ನೋಡಬೇಕು.

೮. ಟ್ರೆಂಟಿನಿಂದ ಈಚೆಗೆ

ಕ್ಯಾಥೊಲಿಕ್ ಸಭೆ ೧೫೬೩ರ ಡಿಸೆಂಬರಿನಲ್ಲಿ, ಟ್ರೆಂಟ್ ಮಹಾಸಭೆಯ ಕೊನೆಯ ಅಧಿವೇಶನದಲ್ಲಿ, ಈ ವಿಷಯವನ್ನು ಸಂಕ್ಷೇಪವಾಗಿ ನಿರ್ಣಯಿಸಿತು: ಶುದ್ಧೀಕರಣಸ್ಥಾನ ಉಂಟು, ಅಲ್ಲಿರುವ ಆತ್ಮಗಳಿಗೆ ಭಕ್ತರ ಪ್ರಾರ್ಥನೆಯಿಂದಲೂ ವಿಶೇಷವಾಗಿ ಬಲಿಪೂಜೆಯಿಂದಲೂ ಸಹಾಯವಾಗುತ್ತದೆ. ಇಲ್ಲಿಯೂ ಬೆಂಕಿಯ ಮಾತಿಲ್ಲ. ಸೂಕ್ಷ್ಮ ವಿವಾದಗಳನ್ನು ಸಾಮಾನ್ಯರ ಮುಂದೆ ಬೋಧಿಸಬಾರದು, ಹೀನ ಧನಲಾಭಕ್ಕೆ ಎಡೆಗೊಡಬಾರದು ಎಂದು ಬಿಷಪರಿಗೆ ಎಚ್ಚರಿಕೆ ಕೊಟ್ಟುದು, ಹಿಂದಿನ ಟೀಕೆಗಳಲ್ಲಿ ಹುರುಳಿತ್ತೆಂಬುದರ ಸೂಚನೆ.

ಇಪ್ಪತ್ತನೆಯ ಶತಮಾನದಲ್ಲಿ ಚರ್ಚೆ ಮತ್ತೆ ಮೂಲಕ್ಕೆ ಮರಳಿತು. ಪ್ರಾಟೆಸ್ಟಂಟ್ ವಿದ್ವಾಂಸ ಆಸ್ಕರ್ ಕುಲ್ಮನ್ ೧೯೫೫ರಲ್ಲಿ ಹಾರ್ವರ್ಡಿನಲ್ಲಿ ಮಾಡಿದ ಉಪನ್ಯಾಸದಲ್ಲಿ, ಶಾಂತವಾಗಿ ವಿಷವನ್ನು ಕುಡಿದ ಸಾಕ್ರೆಟೀಸನ ಸಾವನ್ನೂ ವೇದನೆಯಿಂದ ಕೂಗಿದ ಯೇಸುವಿನ ಸಾವನ್ನೂ ಎದುರುಬದುರಾಗಿ ಇಟ್ಟು, ಆತ್ಮದ ಅಮರತ್ವ ಗ್ರೀಕರ ತತ್ತ್ವವೆಂದೂ ಸತ್ತವರ ಪುನರುತ್ಥಾನವೇ ಮೂಲ ಕ್ರೈಸ್ತ ನಂಬಿಕೆಯೆಂದೂ ವಾದಿಸಿದನು. ಕ್ಯಾಥೊಲಿಕರ ಕಡೆಯಲ್ಲಿ ಸ್ಥಳದ ಚಿತ್ರಕ್ಕಿಂತ ಸ್ಥಿತಿಯ ಅರ್ಥಕ್ಕೆ ಒತ್ತು ಬಿದ್ದಿತು. ೧೯೯೨ರ ಧರ್ಮೋಪದೇಶಗ್ರಂಥ ಅದನ್ನು ಅಂತಿಮ ಶುದ್ಧೀಕರಣವೆಂದು ಕರೆಯುತ್ತದೆ. ೧೯೯೯ರ ಆಗಸ್ಟಿನಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅದು ಒಂದು ಸ್ಥಳವಲ್ಲ, ಒಂದು ಸ್ಥಿತಿ ಎಂದು ವಿವರಿಸಿದರು. ದೀಕ್ಷಾಸ್ನಾನವಿಲ್ಲದೆ ಸತ್ತ ಶಿಶುಗಳಿಗೆಂದು ಮಧ್ಯಯುಗದ ಪಂಡಿತರು ಕಲ್ಪಿಸಿದ್ದ ‘ಲಿಂಬೋ’ ಎಂಬ ನೆಲೆಯ ಬಗೆಗೆ, ಆ ಶಿಶು­ಗಳ ಉದ್ಧಾರವನ್ನು ನಿರೀಕ್ಷಿಸಲು ಬಲವಾದ ಕಾರಣಗಳಿವೆಯೆಂದು ವ್ಯಾಟಿಕನ್ನಿನ ದೇವಶಾಸ್ತ್ರ ಆಯೋಗ ೨೦೦೭ರಲ್ಲಿ ಅಭಿಪ್ರಾಯಪಟ್ಟಿತು.

೯. ಉಪಸಂಹಾರ

ಯೂರೋಪಿನ ಈ ಭೇದ ನಮ್ಮ ನಾಡಿಗೂ ಬಂದಿದೆ. ಮಂಗಳೂರಿನ ಕ್ಯಾಥೊಲಿಕ್ ಕುಟುಂಬಗಳು ನವೆಂಬರ್ ೨ರಂದು ಸಮಾಧಿಗಳಿಗೆ ಹೂವಿಟ್ಟು, ಮೇಣದ ಬತ್ತಿ ಹಚ್ಚಿ ತಮ್ಮವರ ಆತ್ಮಗಳಿಗಾಗಿ ಪ್ರಾರ್ಥಿಸುತ್ತವೆ; ಇದು ಕ್ಲೂನಿಯಿಂದ ಬಂದ ಪರಂಪರೆ. ಅದೇ ನಗರಕ್ಕೆ ೧೮೩೪ರಲ್ಲಿ ಬಂದ ಬಾಸೆಲ್ ಮಿಷನ್ ಮತಸುಧಾರಣೆಯ ಪರಂಪರೆಗೆ ಸೇರಿದುದು. ಅಲ್ಲಿ ಸತ್ತವರನ್ನು ಕೃತಜ್ಞತೆಯಿಂದ ನೆನೆಯುವುದುಂಟೇ ಹೊರತು ಅವರ ಗತಿಯನ್ನು ಬದಲಿಸಲು ಮೊರೆಯಿಡುವ ಪದ್ಧತಿಯಿಲ್ಲ. ಮೊದಲನೆಯ ಆಚರಣೆಯನ್ನು ನಮ್ಮ ಶ್ರಾದ್ಧಕ್ಕೆ ಹೋಲಿಸುವವರುಂಟು. ಉಳಿದವರು ಅಗಲಿದವರಿಗಾಗಿ ಕರ್ತವ್ಯವನ್ನು ಮಾಡುವರೆಂಬಷ್ಟರಲ್ಲಿ ಹೋಲಿಕೆ ಸರಿ. ಆದರೆ ಶ್ರಾದ್ಧದಲ್ಲಿ ಪ್ರೇತತ್ವ ಕಳೆದು ಪಿತೃಪಂಕ್ತಿಗೆ ಸೇರಿಸುವ ಉದ್ದೇಶವಿದೆ. ಕ್ರೈಸ್ತ ಬೋಧನೆಯಲ್ಲಿ ಗತಿ ಮರಣದಲ್ಲಿಯೇ ನಿಶ್ಚಿತವಾಗಿರುತ್ತದೆ, ಪ್ರಾರ್ಥನೆ ದಾರಿಯನ್ನು ಹಗುರಗೊಳಿಸುತ್ತದೆ. ಹೊರಗಿನ ಸಾಮ್ಯದಿಂದ ಒಳಗಿನ ತತ್ತ್ವಗಳನ್ನು ಒಂದೆನ್ನಲಾಗದು.

ಮೇಲಿನ ಪರಿಶೀಲನೆಯಿಂದ ಮೂರು ಅಂಶಗಳು ತಿಳಿಯುತ್ತವೆ. ದೇಹದ ಪುನರುತ್ಥಾನವೆಂಬ ಯೆಹೂದ್ಯ ನಿರೀಕ್ಷೆಯೂ ಅಗಲಿಯೂ ಬದುಕುವ ಆತ್ಮವೆಂಬ ಕಲ್ಪನೆಯೂ ಕೂಡಿದುದರಿಂದ ನಡುವಣ ಅವಧಿಯ ಪ್ರಶ್ನೆ ಹುಟ್ಟಿತು. ಅದಕ್ಕೆ ಮೊದಲು ಉತ್ತರ ಕೊಟ್ಟವರು ಪಂಡಿತರಲ್ಲ, ತಮ್ಮವರನ್ನು ಕಳೆದುಕೊಂಡು ಪ್ರಾರ್ಥಿಸಿದ ಸಾಮಾನ್ಯರು. ಸಿದ್ಧಾಂತ ಅವರ ಹಿಂದೆ ಬಂದಿತು. ಆ ಪ್ರಾರ್ಥನೆಗೆ ಲೆಕ್ಕವೂ ಬೆಲೆಯೂ ಕಟ್ಟಿದಾಗ ಪಶ್ಚಿಮದ ಸಭೆ ಒಡೆಯಿತು. ೧೫೧೭ರ ಪಾಠವನ್ನು ಹೇಳುವಾಗ ಟೆಟ್ಜೆಲನ ಹಣದ ಪೆಟ್ಟಿಗೆಯೊಂದನ್ನೇ ತೋರಿಸದೆ, ಅದರ ಮುಂದೆ ನಿಂತವರು ಯಾರನ್ನು ನೆನೆದು ಕೈಚಾಚಿದರೆಂಬುದನ್ನೂ ಹೇಳಿದರೆ, ವಿದ್ಯಾರ್ಥಿಗಳಿಗೆ ಆ ಯುಗ ಹೆಚ್ಚು ನ್ಯಾಯವಾಗಿ ಅರ್ಥವಾದೀತೆಂದು ನಮ್ಮ ಎಣಿಕೆ.